ವಿದ್ಯುತ್ ಕಾರಿಗೆ ಅನಧಿಕೃತ ಎಪಿಐ ಜೋಡಿಸುವವರ ಗಮನಕ್ಕೆ

ಒಂಬತ್ತು ದಿನ ಊರಿನಲ್ಲಿದ್ದು ಶಿವಮೊಗ್ಗದಿಂದ ಬೆಂಗಳೂರಿಗೆ ಮರಳಿದ ಬೆಳಿಗ್ಗೆ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಂತಿದ್ದ ನನ್ನ ವಿದ್ಯುತ್ ಕಾರು ಕೀಲಿಯ ಗುಂಡಿಗೆ ಓಗೊಡಲಿಲ್ಲ. ಕೀಲಿಯೊಳಗೆ ಅಡಗಿರುವ ಲೋಹದ ಕೀಯನ್ನು ಹೊರಗೆಳೆದು, ಹಿಡಿಯ ಬಳಿಯ ಪ್ಲಾಸ್ಟಿಕ್ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ, ಕಾರು ಕೊಂಡಂದಿನಿಂದ ಒಮ್ಮೆಯೂ ನೋಡಿರದ ಬೀಗದ ತೂತನ್ನು ಹುಡುಕಿ ಬಾಗಿಲು ತೆಗೆದರೆ ಒಳಗಿನ ದೀಪವೂ ಹತ್ತಲಿಲ್ಲ. ಹೊರಡುವ ದಿನ ಮುಖ್ಯ ಬ್ಯಾಟರಿಯಲ್ಲಿ ಶೇ. 78ರಷ್ಟು ಚಾರ್ಜ್ ಇತ್ತು.

ಸತ್ತಿದ್ದು ಅದಲ್ಲ, ಬಾನೆಟ್ ಕೆಳಗಿನ 12 ವೋಲ್ಟ್‌ನ ಸಣ್ಣ ಬ್ಯಾಟರಿ. ಬೀಗ, ಮೋಡೆಮ್, ಕಂಪ್ಯೂಟರುಗಳೆಲ್ಲ ನಡೆಯುವುದು ಅದರಿಂದ. ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ಕಾಂಟ್ಯಾಕ್ಟರುಗಳೆಂಬ ಸ್ವಿಚ್ಚುಗಳು ಕೂಡಿಕೊಳ್ಳಬೇಕಾದರೂ ಅದೇ ಬೇಕು. ಹಾಗಾಗಿ ಚಾರ್ಜರ್ ಚುಚ್ಚಿದರೂ ಪ್ರಯೋಜನವಾಗಲಿಲ್ಲ. ಕಣಜ ತುಂಬಿದೆ, ಬೀಗದ ಕೈ ಕಳೆದಿದೆ ಎಂಬಂತಹ ಸ್ಥಿತಿ. ಮಲ್ಟಿಮೀಟರ್ ಹಚ್ಚಿ ನೋಡಿದಾಗ, 12.6ರ ಆಸುಪಾಸಿನಲ್ಲಿರಬೇಕಾದ ವೋಲ್ಟೇಜು 7.4ಕ್ಕೆ ಇಳಿದಿತ್ತು.

ಕೊಂದವನು ನಾನೇ. ಏಪ್ರಿಲ್ ಬಿಸಿಲಿನಲ್ಲಿ ಆಫೀಸಿನಿಂದ ಹೊರಡುವ ಹೊತ್ತಿಗೆ ಎಸಿ ತಾನಾಗಿ ಹತ್ತಿರಬೇಕೆಂಬ ಆಸೆಗೆ, ಕಂಪನಿಯ ಆ್ಯಪ್ ಸರ್ವರಿನೊಂದಿಗೆ ಮಾತಾಡುವ ಬಗೆಯನ್ನು, ಅಂದರೆ ಎಪಿಐಯನ್ನು, ಯಾರೋ ಬಿಡಿಸಿ ಬರೆದ ಪೈಥಾನ್ ಲೈಬ್ರರಿಯೊಂದನ್ನು (ಸಿದ್ಧ ಕೋಡಿನ ಕಟ್ಟು) ಮನೆಯ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಹಾಕಿದ್ದೆ. ಅದರಲ್ಲಿ ಸ್ಥಿತಿ ಕೇಳಲು ಎರಡು ದಾರಿಗಳಿದ್ದವು: ಒಂದು, ಸರ್ವರಿನಲ್ಲಿ ಉಳಿದಿರುವ ಹಳೆಯ ಮಾಹಿತಿಯನ್ನು ಓದುವುದು, ಇನ್ನೊಂದು, ಮಲಗಿರುವ ಕಾರನ್ನೇ ಎಬ್ಬಿಸಿ ಹೊಸದನ್ನು ತರಿಸುವುದು. ತಾಜಾ ಅಂಕಿ ಚೆನ್ನ ಎಂದುಕೊಂಡು ಎರಡನೆಯದನ್ನೇ ಆರಿಸಿ, ಹತ್ತು ನಿಮಿಷಕ್ಕೊಮ್ಮೆ ಎಂದು ಬರೆದಿಟ್ಟೆ. ದಿನಕ್ಕೆ 144 ಸಲ, ಒಂಬತ್ತು ದಿನಕ್ಕೆ 1,296 ಸಲ. ದಿನವೂ ಓಡಾಡುವಾಗ ಸಣ್ಣ ಬ್ಯಾಟರಿ ಮತ್ತೆ ತುಂಬಿಕೊಳ್ಳುತ್ತಿದ್ದುದರಿಂದ ಎರಡು ತಿಂಗಳು ಏನೂ ಗೊತ್ತಾಗಿರಲಿಲ್ಲ. ಒಮ್ಮೆ ಎದ್ದ ಕಾರು ಉತ್ತರ ಕೊಟ್ಟ ಕೂಡಲೇ ಮಲಗುವುದಿಲ್ಲ, ಕೆಲವು ನಿಮಿಷ ಎಚ್ಚರವಾಗಿಯೇ ಇರುತ್ತದೆ. ನೆಲಮಾಳಿಗೆಯಲ್ಲಿ ಸಿಗ್ನಲ್ ಹುಡುಕುವ ತಾಪತ್ರಯ ಬೇರೆ. ಪದೇ ಪದೇ ಎಬ್ಬಿಸಿದರೆ ಬ್ಯಾಟರಿ ಬರಿದಾದೀತು ಎಂಬ ಎಚ್ಚರಿಕೆ ಲೈಬ್ರರಿಯ ವಿವರಣೆಯಲ್ಲೇ ಇತ್ತು. ನಾನು ಓದಿದ್ದು ಬ್ಯಾಟರಿ ಬದಲಿಸಿದ ಮೇಲೆ. ವಾರಂಟಿ ಸಿಗಲಿಲ್ಲ, ನನ್ನ ಖಾತೆಯಿಂದ ಹೋದ ಕೋರಿಕೆಗಳ ಪಟ್ಟಿಯನ್ನು ಸರ್ವಿಸ್ ಸೆಂಟರಿನವರು ತೋರಿಸಿದಾಗ ವಾದಿಸಲು ಬಾಯಿ ಬರಲಿಲ್ಲ.

ಬ್ಯಾಟರಿಗಿಂತ ಹೆಚ್ಚು ಹೆದರಿಸಿದ್ದು ಆಮೇಲೆ ಕಂಡ ಇನ್ನೊಂದು ಸಂಗತಿ. ಖಾತೆಯ ಪಾಸ್‌ವರ್ಡ್ ಮತ್ತು ಬಾಗಿಲು ತೆರೆಯುವ ನಾಲ್ಕಂಕಿಯ ಪಿನ್ ಎರಡೂ ಆ ಪುಟ್ಟ ಕಂಪ್ಯೂಟರಿನ ಫೈಲೊಂದರಲ್ಲಿ ಯಾರು ಬೇಕಾದರೂ ಓದುವಂತೆ ಬಿದ್ದಿದ್ದವು. ಇದು ಬರಿಯ ಊಹೆಯ ಭಯವಲ್ಲ. 2022ರ ಜನವರಿಯಲ್ಲಿ ಜರ್ಮನಿಯ 19 ವರ್ಷದ ಡೇವಿಡ್ ಕೊಲಂಬೊ, ಟೆಸ್ಲಾ ಮಾಲೀಕರು ತಾವೇ ನಡೆಸುವ ಟೆಸ್ಲಾಮೇಟ್ ಎಂಬ ತಂತ್ರಾಂಶದ ಸಡಿಲ ಜೋಡಣೆಗಳ ಮೂಲಕ 13 ದೇಶಗಳ 25ಕ್ಕೂ ಹೆಚ್ಚು ಕಾರುಗಳ ಬಾಗಿಲು ತೆರೆಯುವ, ಹಾರ್ನ್ ಬಾರಿಸುವ ಅಧಿಕಾರ ತನ್ನ ಕೈಗೆ ಸಿಕ್ಕಿದೆ ಎಂದು ಬಹಿರಂಗಪಡಿಸಿದ. ಕಂಪನಿಯ ಅಧಿಕೃತ ಆ್ಯಪ್ ಎಂದರೆ ನಿಶ್ಚಿಂತೆ ಎಂದೂ ಅಲ್ಲ: 2016ರಲ್ಲಿ ನಿಸ್ಸಾನ್ ಲೀಫ್ ಕಾರಿನ ಚಾಸಿಸ್ ಸಂಖ್ಯೆ ಗೊತ್ತಿದ್ದರೆ ಸಾಕು, ಅದರ ಎಸಿಯನ್ನು ಅಪರಿಚಿತರೂ ಹಾಕಬಹುದಿತ್ತು, ಮತ್ತು ಆ ಸಂಖ್ಯೆ ಗಾಜಿನ ಮೂಲೆಯಲ್ಲೇ ಕಾಣುತ್ತದೆ. ಆದರೆ ಅಲ್ಲಿ ನಿಸ್ಸಾನ್ ಸೇವೆಯನ್ನೇ ನಿಲ್ಲಿಸಿತು. ನನ್ನ ಪೈ ಪೆಟ್ಟಿಗೆಯಲ್ಲಿ ತೂತಿದ್ದರೆ ಮುಚ್ಚುವವರು ಯಾರು?

ಇಷ್ಟಾದರೂ ಮಾಡಿಯೇ ತೀರುವವರು, ಕಾರನ್ನು ಎಬ್ಬಿಸುವ ಕೋರಿಕೆಯನ್ನು ಇಷ್ಟು ಹೊತ್ತಿಗೊಮ್ಮೆ ತಾನಾಗಿ ಹೋಗುವಂತೆ ಇಡದೆ ಸರ್ವರಿನ ಹಳೆಯ ಮಾಹಿತಿಯಲ್ಲೇ ತೃಪ್ತರಾಗಿ. ಊರಿಗೆ ಹೊರಡುವ ಮೊದಲು ಎಲ್ಲವನ್ನೂ ನಿಲ್ಲಿಸಿ. ಆ ಪೆಟ್ಟಿಗೆಯನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡಲೇಬೇಡಿ. ಲೈಬ್ರರಿಯನ್ನು ಅಳಿಸಿದರೆ ಮುಗಿಯಿತೆಂದು ನಾನೂ ಅಂದುಕೊಂಡಿದ್ದೆ, ಆದರೆ ಪಾಸ್‌ವರ್ಡ್ ಮತ್ತೆ ಕೇಳದೆ ಒಳಬಿಡುವ ಹಳೆಯ ಲಾಗಿನ್ ಟೋಕನ್ ಆಗಲೂ ಜೀವಂತವಾಗಿತ್ತು. ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಹೊರಬಂದ ಮೇಲೆಯೇ ಅದು ಸತ್ತಿದ್ದು. ಈಗ ಆಫೀಸಿನ ಲಿಫ್ಟಿಗೆ ಕಾಯುವಾಗ ಕಂಪನಿಯ ಆ್ಯಪ್ ತೆರೆದು ಎಸಿ ಗುಂಡಿಯನ್ನು ನಾನೇ ಒತ್ತುತ್ತೇನೆ. ಕೆಳಗಿಳಿಯುವಷ್ಟರಲ್ಲಿ ಸೀಟು ಪೂರ್ತಿ ತಣ್ಣಗಾಗಿರುವುದಿಲ್ಲ.