ಅಜ್ಜಿಮನೆ ರವಿವರ್ಮನ ಚಿತ್ರ ಅಸಲಿಯಾ? ಲ್ಯಾಬಾ, ಎಕ್ಸ್‌ಪರ್ಟಾ, ಕಾಗದಪತ್ರನಾ?

ಮೊದ್ಲು ಭೂತಗನ್ನಡಿ ಹಿಡೀರಿ, ಖರ್ಚೇ ಇಲ್ಲ. ಚಿತ್ರದಲ್ಲಿರೋ ಲಕ್ಷ್ಮಿ ಕೆನ್ನೆ ಮೇಲೆ ಸಣ್ಣ ಸಣ್ಣ ಚುಕ್ಕಿ ಕಂಡ್ರೆ ಅದು 1894ರಲ್ಲಿ ಶುರುವಾದ ರವಿವರ್ಮನ ಪ್ರೆಸ್ಸಿನ ಥರದ ಪ್ರಿಂಟು, ಕಥೆ ಮುಗೀತು. ಕೈಯಲ್ಲಿ ಮುಟ್ಟಿ ನಂಬ್ಬೇಡಿ, ಕೆಲವು ಪ್ರಿಂಟಿಗೂ ವಾರ್ನಿಷ್ ಹೊಡೆದು ಕ್ಯಾನ್ವಾಸ್ ಥರ ಒತ್ತಿರ್ತಾರೆ.

ಬ್ರಷ್ ಕೆಲ್ಸಾನೇ ಅಂದ್ರೆ ಆಗ ಲ್ಯಾಬು. ದುಬಾರಿ, ಆದ್ರೆ 'ಅಲ್ಲ' ಅನ್ನೋಕೆ ಗಟ್ಟಿ: ಟೈಟೇನಿಯಂ ವೈಟ್ ಅನ್ನೋ ಬಿಳಿ ಬಣ್ಣ ಬಳಕೆಗೆ ಬಂದಿದ್ದೇ 1920ರ ಸುಮಾರಿಗೆ, ರವಿವರ್ಮ ತೀರಿಕೊಂಡಿದ್ದು 1906ರಲ್ಲಿ, ಮೂಲ ಪದರದಲ್ಲೇ ಅದು ಸಿಕ್ರೆ ನಕಲು (ಆಮೇಲೆ ರಿಪೇರಿ ಮಾಡಿದ ಜಾಗ ಬಿಟ್ಟು). 'ಹೌದು' ಅನ್ನೋಕೆ ಮಾತ್ರ ಲ್ಯಾಬಿಗಾಗಲ್ಲ, ಯಾಕಂದ್ರೆ ರವಿವರ್ಮನ ತಮ್ಮ ರಾಜರಾಜವರ್ಮನೂ ಜೊತೇಲೇ ಬಣ್ಣ ಹಚ್ತಿದ್ದ. ಅಲ್ಲಿ ಎಕ್ಸ್‌ಪರ್ಟ್ ಕಣ್ಣೇ ಬೇಕು, ಆದ್ರೆ ಇಬ್ಬರು ಎಕ್ಸ್‌ಪರ್ಟ್ ಎರಡು ಮಾತಾಡ್ಬಹುದು. ಮೈಸೂರಿನ ಜಗನ್ಮೋಹನ ಅರಮನೇಲಿರೋ ಅಸಲಿ ಒಮ್ಮೆ ನೋಡ್ಬನ್ನಿ, ಸೀರೆ ಜರಿ ಹೆಂಗೆ ಮಿಂಚುತ್ತೆ ಅಂತ.

ಮಾರೋದಿದ್ರೆ ಕಾಗದಪತ್ರಾನೇ ಮುಖ್ಯ, ಹಳೇ ರಸೀದಿ, ಪತ್ರ, ಫೋಟೊ, ಅದಿಲ್ದೆ ಒಳ್ಳೆ ರೇಟು ಕಷ್ಟ. ಅಸಲಿ ಆದ್ರೆ ವಿದೇಶಕ್ಕೆ ಕಳ್ಸೋ ಹಂಗಿಲ್ಲ. ಗೋಡೆಗೆ ಹಾಕ್ಕೊಳ್ಳೋಕಾದ್ರೆ ಭೂತಗನ್ನಡಿ ಸಾಕು ಮಾರಾಯ್ರೆ.