ಹಾರರ್ ಸಿನಿಮಾದ ಮೊದಲ ಎರಡು ನಿಮಿಷ: ಕೋಟೆಯೋ, ಅಜ್ಜಿ ಮನೆಯೋ?

ಕಾಲೇಜಿನ ಹಾರರ್ ಸಿನಿಮಾಗೆ ಓಪನಿಂಗ್ ಎಲ್ಲಿ ತೆಗೆಯೋದು ಅಂದ ಕೂಡಲೇ ಚಿತ್ರದುರ್ಗದ ಹುಡುಗರು ಕೋಟೆ ಕಡೆ ಕೈ ತೋರಿಸುತ್ತಾರೆ. ಏಳು ಸುತ್ತಿನ ಕೋಟೆ, ಬಂಡೆ, ಓಬವ್ವನ ಕಿಂಡಿ. ನೋಡೋಕೆ ಸೊಗಸು, ಒಪ್ಪಿದೆ. ಆದರೆ ಅದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಶೂಟಿಂಗಿಗೆ ಮೊದಲೇ ಅನುಮತಿ ಬೇಕು, ಸಂಜೆ ಗೇಟು ಹಾಕುತ್ತಾರೆ. ರಾತ್ರಿ ದೃಶ್ಯ ಬೇಕೆಂದರೆ ಹಗಲಲ್ಲೇ ಎಕ್ಸ್‌ಪೋಷರ್ (ಕ್ಯಾಮೆರಾ ಹಿಡಿಯುವ ಬೆಳಕು) ಇಳಿಸಿ, ವೈಟ್ ಬ್ಯಾಲೆನ್ಸ್ (ಕ್ಯಾಮೆರಾದ ಬಣ್ಣದ ಸೆಟ್ಟಿಂಗ್) ಟಂಗ್‌ಸ್ಟನ್‌ಗೆ, ಅಂದರೆ ಹಳದಿ ಬಲ್ಬಿನ ಬೆಳಕಿಗೆ ಇಟ್ಟು ನೀಲಿ ತರಿಸಬೇಕು. ಬಿಳಿ ಆಕಾಶ ಫ್ರೇಮಿಗೆ ಬಂತೋ, ಗುಟ್ಟು ರಟ್ಟು. ಮೇಲಿನ ಗಾಳಿಯಂತೂ ಮೈಕಿಗೆ ಶತ್ರು.

ಅಜ್ಜಿಯ ಹಳೇ ಮನೆ ಬೇರೆ ಕತೆ. ಖರ್ಚಿಲ್ಲ, ರಾತ್ರಿಯಿಡೀ ನಿಮ್ಮದೇ. ನಾವು ಒಂದೇ ಟಾರ್ಚ್ ಬೆಳಕಲ್ಲಿ ಬಾಗಿಲ ಚಿಲಕ ಮಾತ್ರ ತೋರಿಸಿದೆವು. ಅದು ತಾನಾಗೇ ಅರ್ಧ ಸರಿಯಿತು. (ದಾರ ಕಟ್ಟಿ ಎಳೆಯುತ್ತಿದ್ದವನು ತಮ್ಮ. ಮೊದಲ ಟೇಕಲ್ಲಿ ನಕ್ಕುಬಿಟ್ಟ.) ಕಿರ್ರ್ ಸದ್ದನ್ನು ಆಮೇಲೆ ಮೊಬೈಲ್ ಹತ್ತಿರ ಹಿಡಿದು ಬೇರೆಯಾಗಿ ರೆಕಾರ್ಡ್ ಮಾಡಿದೆವು. ಹೆದರಿಸಿದ್ದು ಅದೇ. ಟ್ಯೂಬ್‌ಲೈಟ್ ಹಾಕಿದರೆ ಕ್ಯಾಮೆರಾದ ಶಟರ್ ವೇಗ 1/50 ಸೆಕೆಂಡಿಗೆ ಇಡಿ, ಇಲ್ಲದಿದ್ದರೆ ಪರದೆ ಮಿಣುಕಬಹುದು.

ನನ್ನ ವೋಟು ಮನೆಗೇ. ಕೋಟೆ ಬೇಕೇ ಬೇಕು ಅಂದರೆ, ಮುಂಜಾನೆ ಊರಿನ ತಾರಸಿಯಿಂದ ಒಂದು ಲಾಂಗ್ ಶಾಟ್ ಸಾಕು, ಅಲ್ವಾ?