ಸಕ್ಕರೆ ಸೇರಿಸಿಲ್ಲ ಅಂತ ಬರೆದ ಬಿಸ್ಕತ್ತು ತಂದುಕೊಟ್ಟು ಅಮ್ಮನ ಶುಗರ್ ಏರಿಸಿದೆ, ದಯವಿಟ್ಟು ಪ್ಯಾಕೆಟ್ ಹಿಂದೆ ತಿರುಗಿಸಿ ನೋಡಿ

ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರು ಯಾರಾದರೂ ಇದ್ದರೆ ಇದನ್ನು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ಮೂರು ತಿಂಗಳು ನನ್ನ ಕೈಯಾರೆ ಅಮ್ಮನಿಗೆ ಕೊಟ್ಟಿದ್ದೇನೆ. ಒಳ್ಳೆಯದು ಅಂದುಕೊಂಡು, ಜಾಸ್ತಿ ದುಡ್ಡು ಕೊಟ್ಟು ಕೊಟ್ಟಿದ್ದೇನೆ.

ಅಮ್ಮನಿಗೆ 68 ವರ್ಷ. ಶುಗರ್ ಬಂದು 12 ವರ್ಷ ಆಯಿತು. ಮಾತ್ರೆ ಒಂದು ದಿನ ತಪ್ಪಿಸುವವರಲ್ಲ. ಮುದ್ದೆ, ಸೊಪ್ಪು, ಅಳತೆ ಅನ್ನ, ಎಲ್ಲಾ ಸರಿಯಾಗಿ ಮಾಡುತ್ತಾರೆ. ಬಿಡೋಕೆ ಆಗದೇ ಇದ್ದದ್ದು ಒಂದೇ, ಕಾಫಿಗೆ ಬಿಸ್ಕತ್ತು ಅದ್ದಿಕೊಂಡು ತಿನ್ನೋದು. ಅದಕ್ಕೇ ಹಾಸನದಲ್ಲಿ ನಾವು ತಿಂಗಳ ಸಾಮಾನು ತರುವ ದೊಡ್ಡ ಅಂಗಡಿಯಲ್ಲಿ ಆ ಪ್ಯಾಕೆಟ್ ಕಂಡಾಗ ನನಗೆ ಖುಷಿ ಆಯಿತು. ಹಸಿರು ಬಣ್ಣ, ಮುಂದೆ ದೊಡ್ಡದಾಗಿ ರಾಗಿ ತೆನೆ ಚಿತ್ರ, ಪಕ್ಕದಲ್ಲಿ ಓಟ್ಸ್, ಕೆಳಗೆ ಕನ್ನಡದಲ್ಲೇ "ಸಕ್ಕರೆ ಸೇರಿಸಿಲ್ಲ". ಆ ಶೆಲ್ಫಿಗೆ ಒಂದು ಬೋರ್ಡ್ ಬೇರೆ ಅಂಟಿಸಿದ್ದರು, "ಸಕ್ಕರೆ ಕಾಯಿಲೆ ಇರುವವರಿಗಾಗಿ" ಅಂತ, ಅದೂ ಕನ್ನಡದಲ್ಲಿ. 200 ಗ್ರಾಂಗೆ 90 ರೂಪಾಯಿ. ಮಾಮೂಲಿ ಬಿಸ್ಕತ್ತಿಗಿಂತ ಮೂರು ಪಟ್ಟು. ಅಮ್ಮನಿಗೆ ತಾನೇ, ಇರಲಿ ಅಂತ ನಾಲ್ಕು ಪ್ಯಾಕೆಟ್ ತಂದೆ.

ಮೊದಲು ಅಮ್ಮ ದಿನಕ್ಕೆ ಎರಡು ಬಿಸ್ಕತ್ತು ತಿನ್ನುತ್ತಿದ್ದರು, ಅದೂ ಹೆದರಿಕೊಂಡು. ಇದು ಬಂದ ಮೇಲೆ ಹೆದರಿಕೆ ಹೋಯಿತು. ಬೆಳಿಗ್ಗೆ ನಾಲ್ಕು, ಸಾಯಂಕಾಲ ನಾಲ್ಕು. ನಾನೇ ಹೇಳುತ್ತಿದ್ದೆ, "ತಿನ್ನಮ್ಮ, ಇದರಲ್ಲಿ ಸಕ್ಕರೆ ಇಲ್ಲ, ರಾಗೀದು." ಈ ಮಾತು ನಾನೇ ಹೇಳಿದ್ದು.

ಮೂರು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದೆವು. ಖಾಲಿ ಹೊಟ್ಟೆಯದು 118 ಇದ್ದದ್ದು 164. ಮೂರು ತಿಂಗಳ ಸರಾಸರಿ ಹೇಳುತ್ತದಲ್ಲ, ಎಚ್‌ಬಿಎ1ಸಿ, ಅದು 7.1ರಿಂದ 8.6. ಡಾಕ್ಟರ್ ರಿಪೋರ್ಟ್ ನೋಡಿ, "ಅಮ್ಮ, ಹೊಸದಾಗಿ ಏನಾದ್ರೂ ತಿಂತಿದ್ದೀರಾ?" ಅಂದರು. ಅಮ್ಮ, "ಏನೂ ಇಲ್ಲ ಡಾಕ್ಟ್ರೇ, ಹಬ್ಬಕ್ಕೆ ಒಬ್ಬಟ್ಟು ಮಾಡಿದ್ರೂ ನಾನು ಮುಟ್ಟಲಿಲ್ಲ. ಇವಳು ತಂದುಕೊಡ್ತಾಳಲ್ಲ ಶುಗರ್ ಇಲ್ಲದ ಬಿಸ್ಕತ್ತು, ಅದೊಂದೇ" ಅಂದರು. ಒಬ್ಬಟ್ಟು ಕೊಡದೇ ಇದ್ದದ್ದೂ ನಾನೇ. ಆವತ್ತು ತಟ್ಟೆಯಿಂದ ಎತ್ತಿಟ್ಟಿದ್ದೆ.

ಪ್ಯಾಕೆಟ್ ನನ್ನ ಬ್ಯಾಗಿನಲ್ಲೇ ಇತ್ತು, ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೆ, ರಕ್ತ ಕೊಟ್ಟ ಮೇಲೆ ಅಮ್ಮನಿಗೆ ತಿನ್ನೋಕೆ ಅಂತ. ತೆಗೆದುಕೊಟ್ಟೆ. ಡಾಕ್ಟರ್ ಮುಂಭಾಗ ನೋಡಲೇ ಇಲ್ಲ. ಸೀದಾ ತಿರುಗಿಸಿದರು. ಪ್ಯಾಕೆಟ್ ಅಂಟಿಸಿದ ಜೋಡಣೆ ಇರುತ್ತಲ್ಲ, ಅದರ ಮಡಿಕೆಯ ಒಳಗೆ ಅರ್ಧ ಮುಚ್ಚಿಹೋಗಿತ್ತು, ಯಾವ ಅಂಶ ಎಷ್ಟಿದೆ ಅನ್ನೋ ಪಟ್ಟಿ. ಉಗುರಿನಿಂದ ಮಡಿಕೆ ಬಿಡಿಸಿ, ಒಂದು ಸಾಲಿನ ಕೆಳಗೆ ಬೆರಳಿಟ್ಟು, "ಸಕ್ಕರೆ ಸೊನ್ನೆ, ಸರಿ. ಇದೇನು?" ಅಂದರು. ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆ ಎಲ್ಲಾ ಸೇರಿದ ಲೆಕ್ಕ, 100 ಗ್ರಾಂಗೆ 68 ಗ್ರಾಂ.

ನನಗೆ ಆ ಕ್ಷಣ ಮಾತೇ ಬರಲಿಲ್ಲ. ನಾನು ಡಿಗ್ರಿ ಮಾಡಿದವಳು, ಇಂಗ್ಲಿಷ್ ಓದೋಕೆ ಬರುತ್ತೆ. ಮೂರು ತಿಂಗಳಲ್ಲಿ ಇಪ್ಪತ್ತೈದಕ್ಕೂ ಜಾಸ್ತಿ ಪ್ಯಾಕೆಟ್ ನನ್ನ ಕೈಯಲ್ಲಿ ಹಾದುಹೋಗಿದೆ. ಒಂದು ಸಲವೂ ಹಿಂದೆ ತಿರುಗಿಸಿ ಓದಿರಲಿಲ್ಲ.

ಅದರಲ್ಲಿ ಏನೇನಿತ್ತು ಗೊತ್ತಾ? ಮೊದಲನೆಯದು ಮೈದಾ, 52%. ಮೈದಾ ಅಂತ ನೇರವಾಗಿ ಬರೆದಿಲ್ಲ, ರಿಫೈನ್ಡ್ ವೀಟ್ ಫ್ಲೋರ್ ಅಂತ ಇದೆ. ಆಮೇಲೆ ತಾಳೆ ಎಣ್ಣೆ, ಆಮೇಲೆ ಮಾಲ್ಟೋಡೆಕ್ಸ್‌ಟ್ರಿನ್, ಆಮೇಲೆ ಗೋಧಿ ಬೂಸಾ. ಆಮೇಲೆ ರಾಗಿ, 6%. ಓಟ್ಸ್ 3%. ಯಾವುದು ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆಯಬೇಕು ಅನ್ನೋದು ನಿಯಮ, ಅಂದರೆ ರಾಗಿ ಐದನೇ ಜಾಗದಲ್ಲಿ. ಇಡೀ ಪ್ಯಾಕೆಟ್ಟಿನಲ್ಲಿ 12 ಗ್ರಾಂ ರಾಗಿ. ಒಂದು ಮುದ್ದೆಗೆ ಎಷ್ಟು ಹಿಟ್ಟು ಬೇಕು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮುಂದೆ ಮಾತ್ರ ತೆನೆ ಚಿತ್ರ.

ಮಾಲ್ಟೋಡೆಕ್ಸ್‌ಟ್ರಿನ್ ಬಗ್ಗೆ ಡಾಕ್ಟರೇ ಬಿಡಿಸಿ ಹೇಳಿದರು. ಅದು ಪಿಷ್ಟವನ್ನು ಒಡೆದು ಮಾಡಿದ ಪುಡಿ. ಪಟ್ಟಿಯಲ್ಲಿ ಸಕ್ಕರೆ ಸಾಲಿಗೆ ಬರೋದಿಲ್ಲ, ಕಾರ್ಬೋಹೈಡ್ರೇಟ್ ಸಾಲಿಗೆ ಹೋಗುತ್ತೆ. ಆದರೆ ಹೊಟ್ಟೆಗೆ ಹೋದ ಮೇಲೆ ಬೇಗನೆ ಗ್ಲೂಕೋಸ್ ಆಗುತ್ತೆ, ನಾವು ಕಾಫಿಗೆ ಹಾಕುವ ಸಕ್ಕರೆಗಿಂತ ಬೇಗ ಶುಗರ್ ಏರಿಸಬಹುದು. ಮೈದಾನೂ ಹಾಗೇ. ಅಮ್ಮ ತಿನ್ನುತ್ತಿದ್ದ ಎಂಟು ಬಿಸ್ಕತ್ತು 60 ಗ್ರಾಂ, ಅದರಲ್ಲಿ 41 ಗ್ರಾಂ ಕಾರ್ಬೋಹೈಡ್ರೇಟ್. ಹತ್ತಿರ ಹತ್ತಿರ ಒಂದು ಬಟ್ಟಲು ಅನ್ನದಷ್ಟು. ಅಳತೆ ಅನ್ನದ ಮೇಲೆ ದಿನಾ ಇನ್ನೊಂದು ಬಟ್ಟಲು ಅನ್ನ ತಿಂದ ಹಾಗೆ.

ಇನ್ನೊಂದು. ಪಟ್ಟಿಯಲ್ಲಿ ಸ್ಯಾಚುರೇಟೆಡ್ ಕೊಬ್ಬು ದಿನದ ಮಿತಿಯ 6% ಅಂತ ಇತ್ತು. ಕಡಿಮೆ ಅನ್ನಿಸುತ್ತೆ ಅಲ್ವಾ? ಅದು ಎರಡು ಬಿಸ್ಕತ್ತಿಗೆ ಲೆಕ್ಕ. ಅವರ ಪ್ರಕಾರ ಒಂದು ಸಲಕ್ಕೆ ಎರಡೇ ತಿನ್ನಬೇಕು. ಎಂಟು ತಿಂದರೆ ಆ ಕೊಬ್ಬಿನ ದಿನದ ಮಿತಿಯಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಅಲ್ಲೇ ಮುಗಿಯಿತು. ಈ ಶೇಕಡಾ ಲೆಕ್ಕವೂ ದಿನಕ್ಕೆ 2000 ಕಿಲೋ ಕ್ಯಾಲೊರಿ ತಿನ್ನುವವರಿಗೆ. ಅಮ್ಮನಿಗೆ ಡಾಕ್ಟರ್ ಹೇಳಿರೋದು 1400.

ಮನೆಗೆ ಬಂದು ಪ್ಯಾಕೆಟ್ ಮೇಲಿದ್ದ ಗ್ರಾಹಕ ಸೇವೆ ನಂಬರಿಗೆ ಫೋನ್ ಮಾಡಿದೆ. ಆ ಹುಡುಗಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಮೇಡಂ, ನಾವು ಸಕ್ಕರೆ ಸೇರಿಸಿಲ್ಲ. ಪ್ಯಾಕ್ ಮೇಲೆ ಇರೋದು ನಿಜ ಅಲ್ವಾ ಮೇಡಂ?"

ಮಾಲ್ಟೋಡೆಕ್ಸ್‌ಟ್ರಿನ್ ಹಾಕಿದ್ದೀರಲ್ಲ ಅಂದೆ. "ಅದು ಸಕ್ಕರೆ ಅಲ್ಲ ಮೇಡಂ."

ರಾಗಿ ಬರೀ 6% ಇದೆಯಲ್ಲ ಅಂದೆ. "ಎಷ್ಟಿದೆ ಅಂತ ಹಿಂದೆ ಹಾಕಿದ್ದೀವಲ್ಲ ಮೇಡಂ."

ಸಕ್ಕರೆ ಕಾಯಿಲೆಯವರಿಗೆ ಅಂತ ಮಾರುತ್ತಿದ್ದೀರಲ್ಲ ಅಂದೆ. "ಪ್ಯಾಕ್ ಮೇಲೆ ಹಾಗೆ ಎಲ್ಲೂ ಬರೆದಿಲ್ಲ ಮೇಡಂ, ಇನ್ನೊಂದ್ಸಲ ನೋಡಿ."

ನೋಡಿದೆ. ನಿಜ, ಬರೆದಿಲ್ಲ. ಬರೆದದ್ದು ಅಂಗಡಿಯ ಬೋರ್ಡಿನಲ್ಲಿ. ಕೊನೆಗೆ ಆ ಹುಡುಗಿ, "ನಿಮಗೆ ಬೇಜಾರಾಗಿದ್ರೆ ಸಾರಿ ಮೇಡಂ, ಅಡ್ರೆಸ್ ಕೊಡಿ, ನಮ್ಮ ಕಡೆಯಿಂದ ಒಂದು ಗಿಫ್ಟ್ ಪ್ಯಾಕ್ ಕಳಿಸ್ತೀವಿ" ಅಂದಳು. ಏನಿರುತ್ತೆ ಅದರಲ್ಲಿ ಅಂತ ಕೇಳಿದೆ. ಅದೇ ಬಿಸ್ಕತ್ತು! ನನ್ನ ಅಮ್ಮನಿಗೆ ಕಾಯಿಲೆ ಜಾಸ್ತಿ ಆಗಿದೆ ಅಂತ ಅರ್ಧ ಗಂಟೆ ಹೇಳಿದ್ದೇನೆ, ಅವರು ಅದೇ ಬಿಸ್ಕತ್ತು ಕಳಿಸುತ್ತಾರಂತೆ. ಫೋನ್ ಇಟ್ಟುಬಿಟ್ಟೆ, ಅಳು ಬಂತು.

ಅಂಗಡಿಗೆ ಹೋದೆ, ಒಡೆಯದ ಎರಡು ಪ್ಯಾಕೆಟ್ ತಗೊಂಡು. ಮ್ಯಾನೇಜರ್ ಹೇಳಿದ್ದು, "ಬೋರ್ಡು ಕಂಪನಿಯವರು ಹಾಕಿರೋದು ಮೇಡಂ, ನಮಗೆ ಸಂಬಂಧ ಇಲ್ಲ." ದುಡ್ಡು ವಾಪಸ್ ಇಲ್ಲ, ಬೇಕಿದ್ದರೆ ಬೇರೆ ಫ್ಲೇವರ್ ತಗೊಳ್ಳಿ. ಆ ಹುಡುಗಿ ಅಂಗಡಿ ಕಡೆ ಕೈ ತೋರಿಸುತ್ತಾಳೆ, ಇವರು ಕಂಪನಿ ಕಡೆ ತೋರಿಸುತ್ತಾರೆ. ಮಧ್ಯೆ ಸಿಕ್ಕಿಬಿದ್ದವರು ನಾವು.

ನನಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ಭಾಷೆ ವಿಷಯಕ್ಕೆ. ಆಸೆ ಹುಟ್ಟಿಸುವ ಮಾತೆಲ್ಲಾ ಕನ್ನಡದಲ್ಲಿ. ನಿಜ ಏನು ಅನ್ನೋದು ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, ಮಡಿಕೆಯ ಒಳಗೆ. ಲೇಬಲ್ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇದ್ದರೆ ಸಾಕು ಅನ್ನುತ್ತದೆ ಕೇಂದ್ರದ ಆಹಾರ ಕಾನೂನು, ಬೇರೆ ಭಾಷೆ ಹಾಕೋದು ಅವರಿಷ್ಟ. ಅಮ್ಮ ದಿನಾ ಪೇಪರ್ ಓದುತ್ತಾರೆ. ಆ ಪಟ್ಟಿ ಕನ್ನಡದಲ್ಲಿ ಇದ್ದಿದ್ದರೆ ಮೊದಲ ದಿನವೇ "ಇದು ಮೈದಾ ಕಣೇ" ಅಂತ ಅವರೇ ಹೇಳುತ್ತಿದ್ದರು.

ಆಮೇಲೆ ಹುಡುಕಿ ನೋಡಿದರೆ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲೇ ಆಹಾರ ಮಾರ್ಗಸೂಚಿ ಹೊರಡಿಸಿ ಇದನ್ನೇ ಹೇಳಿದೆ. ಶುಗರ್ ಫ್ರೀ ಅನ್ನುವ ತಿಂಡಿಯಲ್ಲಿ ಮೈದಾ, ಪಿಷ್ಟ, ಕೊಬ್ಬು ತುಂಬಿರಬಹುದು, ಲೇಬಲ್ ಓದಿ ಅಂತ. ಆನ್‌ಲೈನ್ ಅಂಗಡಿಗಳು ಮಕ್ಕಳ ಮಾಲ್ಟ್ ಪುಡಿಗಳನ್ನು ಹೆಲ್ತ್ ಡ್ರಿಂಕ್ ಅಂತ ಮಾರಬಾರದು ಅಂತ ಸರ್ಕಾರ ಹೇಳಿದ್ದೂ ಅದೇ ವರ್ಷ. ಆ ಸುದ್ದಿ ನಾನು ಓದಿದ್ದೆ. ನಮ್ಮ ಮನೆ ಬಿಸ್ಕತ್ತಿಗೂ ಇದು ಅನ್ವಯ ಆಗುತ್ತೆ ಅಂತ ಹೊಳೆಯಲಿಲ್ಲ.

ಇಷ್ಟು ಮಾಡಿ ಸಾಕು. ಪ್ಯಾಕೆಟ್ ಮುಂಭಾಗದ ಚಿತ್ರ ನಂಬಬೇಡಿ. ಹಿಂದೆ ತಿರುಗಿಸಿ. ಪದಾರ್ಥಗಳಲ್ಲಿ ಮೊದಲ ಮೂರು ಹೆಸರು ಓದಿ. ಶುಗರ್ ಇರುವವರಿಗಾದರೆ ಸಕ್ಕರೆ ಸಾಲು ಮಾತ್ರ ನೋಡಬೇಡಿ, ಅದರ ಮೇಲಿನ ಕಾರ್ಬೋಹೈಡ್ರೇಟ್ ಸಾಲು ನೋಡಿ. 100 ಗ್ರಾಂ ಲೆಕ್ಕ ನೋಡಿ, ಒಂದು ಸರ್ವಿಂಗ್ ಲೆಕ್ಕ ಬೇಡ. ಅಕ್ಷರ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ, ಅಂಗಡಿಯವರು ಏನಾದರೂ ಅಂದುಕೊಳ್ಳಲಿ.

ಮಾತ್ರೆ ಬದಲಾಯಿಸೋ ಮೊದಲು ಬಿಸ್ಕತ್ತು ನಿಲ್ಲಿಸಿ ನೋಡೋಣ ಅಂದಿದ್ದರು ಡಾಕ್ಟರ್. ಒಂದೂವರೆ ತಿಂಗಳಾಯಿತು, ಖಾಲಿ ಹೊಟ್ಟೆಯದು 131ಕ್ಕೆ ಬಂದಿದೆ. ಅಮ್ಮ ಈಗ ಕಾಫಿ ಜೊತೆ ಒಂದು ಹಿಡಿ ಹುರಿಗಡಲೆ ತಿನ್ನುತ್ತಾರೆ. ನನ್ನ ಮೇಲೆ ಒಂದು ದಿನವೂ ಬೇಜಾರು ಮಾಡಿಕೊಂಡಿಲ್ಲ, ಅದೇ ನನಗೆ ಇನ್ನೂ ಜಾಸ್ತಿ ನೋವು.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಬೋರ್ಡಿನ ಫೋಟೋ ಸಮೇತ. ಒಡೆಯದ ಆ ಎರಡು ಪ್ಯಾಕೆಟ್ ಬಿಲ್ಲಿನ ಜೊತೆ ಬೀರುವಿನಲ್ಲಿ ಇಟ್ಟಿದ್ದೇನೆ. ನಿನ್ನೆ ಸಾಮಾನಿಗೆ ಹೋದಾಗ ನೋಡಿದೆ, ಬೋರ್ಡು ಇನ್ನೂ ಅಲ್ಲೇ ಇದೆ. ವಯಸ್ಸಾದ ಒಬ್ಬರು ಆ ಶೆಲ್ಫಿನ ಮುಂದೆ ಕನ್ನಡಕ ಸರಿ ಮಾಡಿಕೊಂಡು ನಿಂತಿದ್ದರು. ಹತ್ತಿರ ಹೋಗಿ, "ಸರ್, ಒಂದು ನಿಮಿಷ, ಅದನ್ನು ಹಿಂದೆ ತಿರುಗಿಸಿ ನೋಡಿ" ಅಂದೆ. ಇಬ್ಬರೂ ಸೇರಿ ಓದಿದೆವು. ಅವರು ಪ್ಯಾಕೆಟ್ ವಾಪಸ್ ಇಟ್ಟು ಹೋದರು.